ಮೊದಲ ಕೆಲಸ, ಮೂವತ್ತು ತಿಂಗಳ ಬಾಂಡ್: ಸಹಿ ಹಾಕಲೇ, ಬಿಡಲೇ?

ಮೊದಲಹೆಜ್ಜೆ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ ಒಂಬತ್ತು ತಿಂಗಳಾಯಿತು. ಇಪ್ಪತ್ತಕ್ಕೂ ಹೆಚ್ಚು ಇಂಟರ್‌ವ್ಯೂ ಕೊಟ್ಟ ಮೇಲೆ ಮೊನ್ನೆ ಮೊದಲ ಆಫರ್ ಲೆಟರ್ ಬಂತು. ಕೆಲಸ ನಾನು ಬಯಸಿದ್ದೇ: ವಾಹನಗಳ ಕಂಟ್ರೋಲ್ ಯೂನಿಟ್‌ಗಳಿಗೆ ಸಾಫ್ಟ್‌ವೇರ್ ಬರೆದು ಪರೀಕ್ಷಿಸುವುದು. ಮೊದಲ ಪುಟವನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಏಳನೇ ಪುಟಕ್ಕೆ ಬರುವಷ್ಟರಲ್ಲಿ ದನಿ ತಾನಾಗಿ ಇಳಿಯಿತು.

ಇಂಟರ್‌ವ್ಯೂನಲ್ಲಿ ‘ಎರಡು ವರ್ಷ ಬಾಂಡ್ ಇರುತ್ತೆ, ಪರವಾಗಿಲ್ವಾ?’ ಅಂದಿದ್ದರು, ನಾನೂ ತಲೆಯಾಡಿಸಿದ್ದೆ. ಕಾಗದದಲ್ಲಿರುವುದು ಹೀಗೆ: ಮೊದಲು ಆರು ತಿಂಗಳ ತರಬೇತಿ, ಆಗ ಅರ್ಧ ಸಂಬಳ. ‘ತರಬೇತಿ ಯಶಸ್ವಿಯಾಗಿ ಪೂರ್ಣಗೊಂಡಿದೆ ಎಂದು ಕಂಪನಿ ದೃಢೀಕರಿಸಿದ ದಿನದಿಂದ 24 ತಿಂಗಳು’ ಸೇವೆ ಕಡ್ಡಾಯ. ಅಂದರೆ ಕಮ್ಮಿ ಅಂದರೂ ಮೂವತ್ತು ತಿಂಗಳು. ನಡುವೆ ಬಿಟ್ಟರೆ ಹತ್ತು ತಿಂಗಳ ಪೂರ್ತಿ ಸಂಬಳದಷ್ಟು ಹಣ ಕಟ್ಟಬೇಕು. ಇಪ್ಪತ್ತೊಂಬತ್ತನೇ ತಿಂಗಳಲ್ಲಿ ಬಿಟ್ಟರೂ ಅಷ್ಟೇ ಹಣ. ನಾನು ಬಿಡುವುದಾದರೆ 90 ದಿನ ನೋಟಿಸ್, ಅವರು ತೆಗೆಯುವುದಾದರೆ 7 ದಿನ. ಸೇರುವ ದಿನ ಮೂಲ ಅಂಕಪಟ್ಟಿಗಳನ್ನೂ ಡಿಗ್ರಿ ಸರ್ಟಿಫಿಕೇಟನ್ನೂ ಕೊಡಬೇಕು, ಸಹಿ ಮಾಡಿದ ಎರಡು ಖಾಲಿ ಚೆಕ್ ಕೊಡಬೇಕು, ಅಪ್ಪ ಜಾಮೀನುದಾರರಾಗಿ ಸಹಿ ಹಾಕಬೇಕು.

ಉತ್ತರ ಕೊಡಲು ಐದು ದಿನ ಇದೆ. ಅಪ್ಪ ‘ನೀನು ಹೇಳಿದ ಕಡೆ ಸಹಿ ಹಾಕ್ತೀನಿ ಮಗಳೇ’ ಅನ್ನುತ್ತಾರೆ. ಅವರು ಹಾಗನ್ನುವುದೇ ನನಗೆ ಹೆಚ್ಚು ಭಯ. ಬೇರೆ ಆಫರ್ ಇಲ್ಲ. ಇದನ್ನು ಬಿಟ್ಟರೆ ಇನ್ನೆಷ್ಟು ತಿಂಗಳು ಹೀಗೇ ಕೂರಬೇಕೋ ಗೊತ್ತಿಲ್ಲ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಏಳನೇತಿಂಗಳು

ತಂಗಿ, ನನ್ನ ಕಥೆ ಹೇಳಿಬಿಡುತ್ತೇನೆ, ಅದರಲ್ಲಿ ನಿಮಗೆ ಬೇಕಾದ್ದು ಸಿಗಬಹುದು.

ನಾನು ಎರಡು ವರ್ಷದ ಬಾಂಡ್‌ಗೆ ಓದದೇ ಸಹಿ ಹಾಕಿದ್ದೆ. ‘ತರಬೇತಿ’ ಎಂದರೆ ಒಂದು ಕೋಣೆಯಲ್ಲಿ ಹದಿನೆಂಟು ಜನ ಕೂತು, ಯಾರೋ ರೆಕಾರ್ಡ್ ಮಾಡಿಟ್ಟ ವಿಡಿಯೋ ನೋಡುವುದು. ಮೂರನೇ ವಾರದಿಂದಲೇ ಕ್ಲೈಂಟ್ ಕೆಲಸ ಶುರು. ದಿನವಿಡೀ ಎಕ್ಸೆಲ್ ಹಾಳೆಯಿಂದ ಇನ್ನೊಂದು ಹಾಳೆಗೆ ಅಂಕಿ ಸಾಗಿಸುವ ಕೆಲಸ. ಏಳನೇ ತಿಂಗಳಲ್ಲಿ ತಡೆಯಲಾಗಲಿಲ್ಲ. ಆಗ ನಾನು ಮಾಡಿದ ತಪ್ಪು ಯಾರೂ ಮಾಡಬೇಡಿ: ರಾಜೀನಾಮೆ ಬರೆಯಲಿಲ್ಲ. ಒಂದು ಸೋಮವಾರ ಹೋಗಲಿಲ್ಲ, ಅಷ್ಟೇ. ಫೋನ್ ಬಂದರೆ ಎತ್ತಲಿಲ್ಲ.

ವಕೀಲರ ನೋಟಿಸ್ ಬಂತು. ಮನೆಯವರು ಹೆದರಿದರು. ಒಬ್ಬ ವಕೀಲರ ಹತ್ತಿರ ಉತ್ತರ ಕೊಡಿಸಿದೆ, ಅದಾದ ಮೇಲೆ ಕೋರ್ಟಿಗಂತೂ ಯಾರೂ ಹೋಗಲಿಲ್ಲ. ಮುಗಿಯಿತು ಅಂದುಕೊಂಡೆ. ನಿಜವಾದ ಪೆಟ್ಟು ಬಿದ್ದದ್ದು ಎರಡು ವರ್ಷ ಆದಮೇಲೆ. ಒಳ್ಳೆಯ ಕಡೆ ಆಯ್ಕೆಯಾದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನವರು ಹಳೆಯ ಕಂಪನಿಗೆ ಮೇಲ್ ಮಾಡಿದರು. ಅಲ್ಲಿಂದ ಬಂದ ಉತ್ತರ ಒಂದೇ ಪದ: ‘ಅಬ್ಸ್ಕಾಂಡೆಡ್’. ಓಡಿಹೋದವನು. ಆಫರ್ ಹಿಂತೆಗೆದುಕೊಂಡರು. ಬಾಂಡಿನ ಹಣಕ್ಕಿಂತ ಆ ಒಂದು ಪದ ನನಗೆ ದುಬಾರಿಯಾಯಿತು.

ಬಿಡುವ ದಿನ ಬಂದರೆ ಬರೆದು ಬಿಡಿ, ನೋಟಿಸ್ ಕೊಟ್ಟು ಬಿಡಿ, ಒಪ್ಪಿಸಿದ ಲ್ಯಾಪ್‌ಟಾಪಿಗೆ ರಸೀದಿ ತೆಗೆದುಕೊಂಡು ಬಿಡಿ.

ಸ್ವತಂತ್ರಹಕ್ಕಿ

ಬಾಂಡ್ ಕೇಳುವ ಕಂಪನಿ ಅಂದರೇನೇ ಅಲ್ಲಿಂದ ಜನ ಓಡುತ್ತಾರೆ ಅಂತ ಅರ್ಥ. ಒಳ್ಳೆಯ ಸಂಬಳ, ಒಳ್ಳೆಯ ಕೆಲಸ ಕೊಡುವವರಿಗೆ ಕಟ್ಟಿಹಾಕುವ ಅಗತ್ಯ ಏನು? ಖಾಲಿ ಚೆಕ್, ಮೂಲ ಅಂಕಪಟ್ಟಿ ಎಲ್ಲ ಕೇಳುತ್ತಿದ್ದಾರೆ ಅಂದಮೇಲೆ ಯೋಚನೆ ಮಾಡುವುದು ಏನಿದೆ ಅಕ್ಕಾ? ಬಿಟ್ಟುಬಿಡಿ.

ಬೆಂಚ್‌ಮೇಲೆ

ಹಕ್ಕಿಯವರ ಮಾತಿನ ಎರಡನೇ ಅರ್ಧ ಒಪ್ಪುತ್ತೇನೆ, ಮೊದಲರ್ಧ ಒಪ್ಪಲಾರೆ. ನಾನು ಇದೇ ಕ್ಷೇತ್ರದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬಾಂಡ್ ಹಾಕಿಯೇ ಸೇರಿದವನು, ಪೂರ್ತಿ ಮುಗಿಸಿದವನು.

ಬಾಂಡ್ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಆ ಆರು ತಿಂಗಳಲ್ಲಿ ನಿಮ್ಮ ಕೈಗೆ ಏನು ಕೊಡುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಸಿ ಭಾಷೆ ಕಲಿಸುತ್ತಾರೆ ಅಂದರೆ ಅದಕ್ಕೆ ಎರಡು ವರ್ಷ ಬರೆದುಕೊಡಬೇಕಿಲ್ಲ, ಮನೆಯಲ್ಲೇ ಕಲಿಯಬಹುದು. ವಾಹನದ ಯೂನಿಟ್‌ಗಳು ಪರಸ್ಪರ ಸಂದೇಶ ಕಳಿಸುವ ಜಾಲವಾದ ಕ್ಯಾನ್ ಬಸ್‌ನ ಸಿದ್ಧಾಂತವನ್ನೂ ಓದಿ ತಿಳಿಯಬಹುದು. ಆದರೆ ಎಚ್‌ಐಎಲ್ (ಹಾರ್ಡ್‌ವೇರ್ ಇನ್ ದ ಲೂಪ್) ಪರೀಕ್ಷಾ ಬೆಂಚ್ ಮನೆಯಲ್ಲಿ ಸಿಗುವುದಿಲ್ಲ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದರಲ್ಲಿ ಕಂಟ್ರೋಲ್ ಯೂನಿಟ್ ಮಾತ್ರ ನಿಜವಾದದ್ದು. ಎಂಜಿನ್, ಚಕ್ರ, ಬ್ರೇಕು ಎಲ್ಲವನ್ನೂ ಕಂಪ್ಯೂಟರ್ ನಟಿಸುತ್ತದೆ. ಗಾಡಿ ನೂರು ಕಿಲೋಮೀಟರ್ ವೇಗದಲ್ಲಿದ್ದಾಗ ಚಕ್ರದ ಸೆನ್ಸರ್ ವೈರ್ ತುಂಡಾದರೆ ಯೂನಿಟ್ ಏನು ಮಾಡುತ್ತದೆ ಅಂತ ಯಾರ ಜೀವಕ್ಕೂ ಅಪಾಯವಿಲ್ಲದೆ ನೋಡಬಹುದು. ಅಂಥ ಬೆಂಚ್ ಬಹಳ ದುಬಾರಿ. ಹೊಸಬರ ಕೈಗೆ ಅದನ್ನು ಕೊಡುವ ಕಂಪನಿ ನಿಜವಾಗಿಯೂ ನಿಮ್ಮ ಮೇಲೆ ಹಣ ಹಾಕುತ್ತಿದೆ.

ನನಗೆ ಮೊದಲ ವರ್ಷ ಪಕ್ಕದಲ್ಲಿ ಒಬ್ಬ ಹಿರಿಯರಿದ್ದರು. ನಾನು ಬರೆದ ಕೋಡನ್ನು ಪ್ರಿಂಟ್ ತೆಗೆದು, ಸಿ ಕೋಡ್ ಸುರಕ್ಷಿತವಾಗಿರಲೆಂದು ಮಾಡಿದ ಮಿಸ್ರಾ ಸಿ ನಿಯಮಗಳಿಗೆ ಎಲ್ಲೆಲ್ಲಿ ತಪ್ಪುತ್ತಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆಮೇಲೆ ಒಂದೊಂದು ಗುರುತಿಗೂ ಆಸಿಲೋಸ್ಕೋಪ್ ಮುಂದೆ ಕರೆದುಕೊಂಡು ಹೋಗಿ ‘ನೋಡು, ಇಲ್ಲಿ ಸಿಗ್ನಲ್ ಹೇಗೆ ಜಾರುತ್ತಿದೆ’ ಅಂತ ತೋರಿಸುತ್ತಿದ್ದರು. ಎಂಟನೇ ತಿಂಗಳಿಗೆ ನನಗೆ ಬಾಂಡ್ ಇದೆ ಅನ್ನುವುದೇ ಮರೆತುಹೋಗಿತ್ತು.

ಹಾಗಾಗಿ ಅವರನ್ನು ಕೇಳಿ: ತರಬೇತಿಯ ವಾರವಾರದ ಪಟ್ಟಿ ಕೊಡುತ್ತೀರಾ? ಕಲಿಸುವವರು ಯಾರು, ಅವರು ಈಗಲೂ ಪ್ರಾಜೆಕ್ಟ್‌ನಲ್ಲಿದ್ದಾರೆಯೇ? ಬೆಂಚ್ ಮೇಲೆ ನಮಗೆ ಎಷ್ಟು ಹೊತ್ತು ಸಿಗುತ್ತದೆ? ಐಎಸ್‌ಒ 26262 ಪ್ರಕಾರದ ಕೆಲಸದಲ್ಲಿ ಸೇರಿಸಿಕೊಳ್ಳುತ್ತೀರಾ ಅಥವಾ ಬರೀ ಪಾಠವೇ? ಅದು ವಾಹನಗಳ ಸುರಕ್ಷತೆಯ ಮಾನದಂಡ, 2011ರಲ್ಲಿ ಮೊದಲು ಬಂದದ್ದು. ಅದರಲ್ಲಿ ಕೈ ಪಳಗಿದವರನ್ನು ಎಲ್ಲ ಕಡೆ ಕೇಳುತ್ತಾರೆ.

ಉತ್ತರ ಹೇಗೆ ಬರುತ್ತದೆ ಅನ್ನುವುದನ್ನೂ ಗಮನಿಸಿ. ತರಬೇತಿ ನಡೆಸುವವರಿಗೆ ಅದರ ಬಗ್ಗೆ ಮಾತಾಡಲು ಖುಷಿ ಇರುತ್ತದೆ.

ಕಲಮುಕಾಮ

ನಾನು ಸೇವಾ ವಿವಾದಗಳನ್ನೇ ನೋಡುವ ವಕೀಲೆ. ಇದು ಸಾಮಾನ್ಯ ತಿಳಿವಳಿಕೆ. ನಿಮ್ಮ ಕಾಗದವನ್ನು ಒಬ್ಬ ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.

ಮೊದಲು ಒಂದು ಭಯ ಕಳೆಯುತ್ತೇನೆ. ಬಾಂಡ್ ಮುರಿದರೆ ಯಾರೂ ನಿಮ್ಮನ್ನು ಎಳೆದುಕೊಂಡು ಹೋಗಿ ಕೂರಿಸಿ ಕೆಲಸ ಮಾಡಿಸಲು ಆಗುವುದಿಲ್ಲ. ವ್ಯಕ್ತಿಯ ಸೇವೆಯ ಒಪ್ಪಂದವನ್ನು ಹಾಗೆ ಜಾರಿ ಮಾಡಿಸುವುದಕ್ಕೆ ಭಾರತದಲ್ಲಿ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವಕಾಶ ಕೊಡುವುದಿಲ್ಲ. ಅವರು ಕೇಳಬಹುದಾದದ್ದು ಹಣ. ಅದೂ ಸಿವಿಲ್ ವ್ಯಾಜ್ಯ, ಪೊಲೀಸರ ಕೆಲಸ ಅಲ್ಲ.

ಇನ್ನು ಹಣ. 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕಾಗದದಲ್ಲಿ ಬರೆದ ಮೊತ್ತ ಒಂದು ಮೇಲ್ಮಿತಿ. ಕೋರ್ಟು ಕೊಡಿಸುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ. 1963ರ ಫತೇ ಚಂದ್ ಪ್ರಕರಣದಿಂದ ಹಿಡಿದು 2015ರ ಕೈಲಾಶ್ ನಾಥ್ ಪ್ರಕರಣದವರೆಗೂ ಸುಪ್ರೀಂ ಕೋರ್ಟ್ ಇದನ್ನು ವಿವರಿಸುತ್ತ ಬಂದಿದೆ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ. ಆದ್ದರಿಂದಲೇ ತರಬೇತಿಗೆ ಖರ್ಚು ಮಾಡಿದ ಲೆಕ್ಕ ಕಂಪನಿಯ ಬಳಿ ಇದೆಯೇ ಅನ್ನುವುದು ದೊಡ್ಡ ಪ್ರಶ್ನೆ. ಬೆಂಚ್‌ಮೇಲೆ ಅವರು ಎಂಜಿನಿಯರ್ ಆಗಿ ಹೇಳಿದ್ದನ್ನೇ ಕಾನೂನೂ ಕೇಳುತ್ತದೆ.

ಆದರೆ ‘ಬಾಂಡ್ ಎಲ್ಲ ಕೋರ್ಟಲ್ಲಿ ನಿಲ್ಲಲ್ಲ ಬಿಡಿ’ ಅಂತ ಗೆಳೆಯರು ಹೇಳುವ ಧೈರ್ಯವನ್ನು ನಂಬಬೇಡಿ. 2025ರ ಮೇ 14ರಂದು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ಸೇವಾ ಷರತ್ತನ್ನೂ, ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬುದನ್ನೂ ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟ್ ಆ ಷರತ್ತನ್ನು ರದ್ದು ಮಾಡಿತ್ತು, ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಅದನ್ನು ಓದುವಾಗ ಒಂದು ವಿಷಯ ಮರೆಯಬಾರದು: ಅಲ್ಲಿ ಸಹಿ ಹಾಕಿದ್ದವರು ಹಿರಿಯ ವ್ಯವಸ್ಥಾಪಕ ಹುದ್ದೆಯಲ್ಲಿ ಒಳ್ಳೆಯ ಸಂಬಳ ಪಡೆಯುತ್ತಿದ್ದವರು. ಎದುರಿಗಿದ್ದದ್ದು ಜಾಹೀರಾತು, ಪರೀಕ್ಷೆ ಎಲ್ಲ ನಡೆಸಿಯೇ ನೇಮಕ ಮಾಡಬೇಕಾದ ಸಾರ್ವಜನಿಕ ಬ್ಯಾಂಕು. ಆ ಮೊತ್ತ ರಾಜೀನಾಮೆಯನ್ನೇ ಅಸಾಧ್ಯ ಮಾಡುವಷ್ಟು ದೊಡ್ಡದಲ್ಲ ಎಂದು ಕೋರ್ಟ್ ಹೇಳಿತು. ಅರ್ಧ ಸಂಬಳದ ಫ್ರೆಶರ್‌ಗೆ ಹತ್ತು ತಿಂಗಳ ಪೂರ್ತಿ ಸಂಬಳ ಕಟ್ಟು ಅನ್ನುವಲ್ಲಿ ಇದೇ ಅಳತೆಗೋಲು ಬೇರೆ ಉತ್ತರ ಕೊಡಬಹುದು.

‘ಬಾಂಡ್ ಅವಧಿಯಲ್ಲಿ ಬೇರೆ ಕಡೆ ಕೆಲಸ ಮಾಡುವಂತಿಲ್ಲ’ ಅನ್ನುವ ಸಾಲು ನಿಮ್ಮ ಕಾಗದದಲ್ಲಿ ಇದೆಯೇ ನೋಡಿ. ಒಪ್ಪಂದ ನಡೆಯುತ್ತಿರುವಾಗ ಅಂಥ ನಿರ್ಬಂಧ ನಿಲ್ಲಬಹುದು ಎಂದು ಸುಪ್ರೀಂ ಕೋರ್ಟ್ 1967ರ ಗೋಲಿಕೇರಿ ಪ್ರಕರಣದಲ್ಲೇ ಹೇಳಿದೆ. ಅಲ್ಲಿದ್ದದ್ದು ಐದು ವರ್ಷದ ಒಪ್ಪಂದ. ಅದೇ ನಿರ್ಬಂಧವನ್ನು ಕೆಲಸ ಮುಗಿದ ಮೇಲೂ ಎಳೆದರೆ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಅಡ್ಡ ಬರುತ್ತದೆ.

ಈಗ ನನಗೆ ನಿದ್ದೆಗೆಡಿಸುವ ಸಂಗತಿ, ಆ ಎರಡು ಖಾಲಿ ಚೆಕ್. ಬಾಂಡ್ ಸಿವಿಲ್ ಅಂದೆನಲ್ಲ, ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಸಹಿ ಮಾಡಿ ಖಾಲಿ ಬಿಟ್ಟ ಚೆಕ್ಕನ್ನು ಬೇರೆಯವರು ತುಂಬಿದರೂ, ಅದು ಸಾಲ ತೀರಿಸಲೆಂದೇ ಕೊಟ್ಟದ್ದು ಎಂಬ ಊಹೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಬಾಂಡಿಗೆ ಬೇಕಾದರೆ ಸಹಿ ಹಾಕಿ. ಖಾಲಿ ಚೆಕ್ ಕೊಡಬೇಡಿ.

ಅಪ್ಪನ ಜಾಮೀನೂ ಹಗುರ ಅಲ್ಲ. ಒಪ್ಪಂದ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಒಪ್ಪಂದದಲ್ಲಿ ಬೇರೆ ಬರೆಯದಿದ್ದರೆ, ಜಾಮೀನುದಾರನ ಹೊಣೆ ನಿಮ್ಮ ಹೊಣೆಯಷ್ಟೇ. ನಿಮ್ಮ ಹತ್ತಿರ ಕೇಳಿ ಆಮೇಲೆ ಅವರ ಹತ್ತಿರ ಹೋಗಬೇಕೆಂಬ ನಿಯಮ ಇಲ್ಲ.

ಮೊದಲಹೆಜ್ಜೆ

ಕಲಮುಕಾಮ ಮೇಡಂ, ಕೈ ಮುಗಿದೆ. ಬಾಂಡ್ ಅವಧಿಯಲ್ಲಿ ಬೇರೆ ಕಡೆ ಕೆಲಸ ಮಾಡಬಾರದು ಅನ್ನುವ ಸಾಲು ಇದೆ, ಈಗಷ್ಟೇ ನೋಡಿದೆ. ಚೆಕ್ ಬರೀ ಔಪಚಾರಿಕತೆ ಅಂತ ಎಚ್‌ಆರ್ ಹೇಳಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ.

ಮಗನಅಪ್ಪ

ಮಗಳೇ, ನಾನು ಅಂಥ ಜಾಮೀನಿಗೆ ಸಹಿ ಹಾಕಿದ ಅಪ್ಪ. ಮಗ ಮೊದಲ ಕೆಲಸಕ್ಕೆ ಸೇರುವಾಗ ಹೆಮ್ಮೆಯಿಂದ ಹಾಕಿದೆ. ಅವನಿಗೆ ಅಲ್ಲಿ ಆಗುತ್ತಿರಲಿಲ್ಲ ಅನ್ನುವುದು ನನಗೆ ತಿಳಿದದ್ದು ಹದಿನಾಲ್ಕು ತಿಂಗಳ ಮೇಲೆ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದರೆ ಅವನು ಕತ್ತಲಲ್ಲಿ ಕೂತಿದ್ದ. ‘ಯಾಕೋ ಹೇಳಲಿಲ್ಲ?’ ಅಂದೆ. ‘ಹೇಳಿದರೆ ನೀವು ಬಿಡು ಅಂತೀರಿ. ಬಿಟ್ಟರೆ ನಿಮ್ಮ ಮೇಲೆ ಬರುತ್ತಾರೆ’ ಅಂದ. ನನ್ನ ಸಹಿಯೇ ಅವನ ಬಾಯಿ ಕಟ್ಟಿತ್ತು.

ಕಡೆಗೆ ಹಣ ಕಟ್ಟಿ ಬಿಡಿಸಿಕೊಂಡು ಬಂದೆವು. ಹಣ ಹೋದದ್ದಕ್ಕೆ ಒಂದು ದಿನವೂ ಬೇಸರವಾಗಿಲ್ಲ. ಆ ಹದಿನಾಲ್ಕು ತಿಂಗಳು ಅವನು ಒಬ್ಬನೇ ನುಂಗಿದ್ದಕ್ಕೆ ಇವತ್ತಿಗೂ ಸಂಕಟವಿದೆ.

ನಿಮ್ಮ ಅಪ್ಪ ಹೇಳಿದ ಕಡೆ ಸಹಿ ಹಾಕುತ್ತಾರೆ, ನನಗೆ ಗೊತ್ತು. ನೀವೇ ಅವರನ್ನು ಅದರಿಂದ ಹೊರಗಿಡಿ. ಅದಾಗದಿದ್ದರೆ, ಸೇರುವ ಮೊದಲೇ ಕೂತು ‘ಆಗದಿದ್ದರೆ ಎಷ್ಟು ಕಟ್ಟಬೇಕು, ಎಲ್ಲಿಂದ ತರಬೇಕು’ ಅಂತ ಇಬ್ಬರೂ ಲೆಕ್ಕ ಹಾಕಿಡಿ. ಲೆಕ್ಕ ಗೊತ್ತಿದ್ದರೆ ಮಾತಾಡುವ ಧೈರ್ಯ ಬರುತ್ತದೆ.

ಸ್ವತಂತ್ರಹಕ್ಕಿ

ಅಪ್ಪಾಜಿ, ಓದಿ ಮನಸ್ಸು ಭಾರವಾಯಿತು. ನಾನು ಮೇಲೆ ಅವಸರದಲ್ಲಿ ಬರೆದೆ. ನಾನು ಬಾಂಡ್ ಕೇಳಿದ ಆಫರ್ ಬಿಟ್ಟಾಗ ಕೈಯಲ್ಲಿ ಇನ್ನೆರಡು ಆಫರ್ ಇದ್ದವು, ಹಾಗಾಗಿ ಬಿಡುವುದು ಸುಲಭವಾಗಿತ್ತು. ಒಂಬತ್ತು ತಿಂಗಳು ಕಾದವರಿಗೆ ‘ಬಿಟ್ಟುಬಿಡಿ’ ಅನ್ನುವುದು ನ್ಯಾಯ ಅಲ್ಲ. ಆದರೂ ಮೂಲ ದಾಖಲೆ ಕೊಡಬಾರದು ಅನ್ನುವುದರಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ನೇಮಕಾತಿಮೇಜು

ಎಂಟು ವರ್ಷದಿಂದ ಎಚ್‌ಆರ್ ಕೆಲಸದಲ್ಲಿದ್ದೇನೆ. ಮೇಜಿನ ಆಚೆ ಕಡೆಯಿಂದ ಇದು ಹೇಗೆ ಕಾಣುತ್ತದೆ ಹೇಳುತ್ತೇನೆ.

ಸಣ್ಣ ಕಂಪನಿ ಹತ್ತು ಜನ ಹೊಸಬರನ್ನು ಆರು ತಿಂಗಳು ಕೂರಿಸಿ ಕಲಿಸುತ್ತದೆ. ಏಳನೇ ತಿಂಗಳಿಗೆ ದೊಡ್ಡ ಕಂಪನಿಯೊಂದು ಸ್ವಲ್ಪ ಹೆಚ್ಚು ಸಂಬಳ ಕೊಟ್ಟು ಆರು ಜನರನ್ನು ಕರೆದುಕೊಂಡು ಹೋಗುತ್ತದೆ. ಆ ನೋವು ನಿಜ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಬಾಂಡ್ ಬಂದದ್ದು ಅಲ್ಲಿಂದ. ಕೆಟ್ಟ ಕಂಪನಿಗಳು ಅದನ್ನೇ ತರಬೇತಿ ಕೊಡದೆ ಜನರನ್ನು ಹಿಡಿದಿಡಲು ಬಳಸುತ್ತವೆ. ಎರಡೂ ಒಂದೇ ಕಾಗದದ ಮೇಲೆ ಒಂದೇ ರೀತಿ ಕಾಣುತ್ತವೆ, ಅದೇ ತೊಂದರೆ.

ಹೊಸಬರಿಗೆ ಗೊತ್ತಿಲ್ಲದ ಒಂದು ಸಂಗತಿ: ಇವುಗಳಲ್ಲಿ ಬಹಳಷ್ಟು ಷರತ್ತುಗಳನ್ನು ಕೇಳಿದರೆ ಬದಲಾಯಿಸುತ್ತೇವೆ. ಯಾರೂ ಕೇಳುವುದಿಲ್ಲ. ನನ್ನ ಎಂಟು ವರ್ಷದಲ್ಲಿ ಬಾಂಡಿನ ಒಂದು ಸಾಲು ಬದಲಾಯಿಸಿ ಅಂತ ಬರೆದು ಕೇಳಿದ ಫ್ರೆಶರ್‌ಗಳು ಬೆರಳೆಣಿಕೆಯಷ್ಟು. ಕೇಳಿದವರ ಆಫರ್ ಒಂದನ್ನೂ ನಾವು ಹಿಂತೆಗೆದುಕೊಳ್ಳಲಿಲ್ಲ. ಎಲ್ಲ ಕಡೆ ಹೀಗೇ ಇರುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಒಂದು ಮರ್ಯಾದೆಯ ಮೇಲ್‌ಗೆ ಆಫರ್ ಕಿತ್ತುಕೊಳ್ಳುವ ಕಡೆ ಮೂವತ್ತು ತಿಂಗಳು ಹೇಗಿರುತ್ತದೆ ಯೋಚಿಸಿ.

ಫೋನ್ ಮಾಡಬೇಡಿ, ಬರೆಯಿರಿ. ಮೊದಲ ಸಾಲಿನಲ್ಲೇ ಕೆಲಸಕ್ಕೆ ಸೇರಲು ಮನಸ್ಸಿದೆ ಎನ್ನಿ. ಆಮೇಲೆ ಕೇಳಿ: ಅವಧಿ ಸೇರಿದ ದಿನದಿಂದಲೇ ಎಣಿಕೆಯಾಗಲಿ. ದುಡಿದ ತಿಂಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತ ಬರಲಿ. ಕಂಪನಿಯೇ ತೆಗೆದುಹಾಕಿದರೆ ನಾನು ಏನೂ ಕಟ್ಟಬೇಕಿಲ್ಲ ಎಂದು ಬರೆಯಲಿ (ಈ ಸಾಲು ಎಷ್ಟೋ ಬಾಂಡ್‌ಗಳಲ್ಲಿ ಇರುವುದೇ ಇಲ್ಲ, ನಿಮ್ಮದರಲ್ಲಿ ಇದೆಯೇ?). ದಾಖಲೆಗಳನ್ನು ಸೇರುವ ದಿನ ಮೂಲದೊಂದಿಗೆ ತಾಳೆ ನೋಡಿ ನಕಲು ಇಟ್ಟುಕೊಳ್ಳಲಿ. ‘ಯಶಸ್ವಿಯಾಗಿ’ ಅನ್ನುವ ಪದ ತೆಗೆಯಿಸಿ. ತರಬೇತಿ ಎಂದು ಮುಗಿಯುತ್ತದೆ ಅನ್ನುವುದನ್ನು ಅವರೊಬ್ಬರ ಮಾತಿಗೆ ಬಿಟ್ಟರೆ ನಿಮ್ಮ ಗಡಿಯಾರ ಶುರುವಾಗುವುದೇ ಅವರ ಕೈಯಲ್ಲಿ.

ಇನ್ನೊಂದು. ಈಗಾಗಲೇ ಅಲ್ಲಿ ಬಾಂಡ್ ಮುಗಿಸಿದವರಲ್ಲಿ ಎಷ್ಟು ಜನ ಇನ್ನೂ ಅಲ್ಲೇ ಇದ್ದಾರೆ ಅಂತ ಹುಡುಕಿ. ಬಾಂಡ್ ಮುಗಿದ ಮರುದಿನವೇ ಎಲ್ಲರೂ ಹೊರಟಿದ್ದರೆ ಅದೇ ಉತ್ತರ.

ಏಳನೇತಿಂಗಳು

ನೇಮಕಾತಿಮೇಜು ಅವರೇ, ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂದು ಕಂಪನಿ ಕೊಡುವ ಪತ್ರ) ಬಗ್ಗೆಯೂ ಹೇಳಿ. ಕೋರ್ಟಿಗಿಂತ ಅದನ್ನೇ ಹಿಡಿದು ಆಡಿಸುತ್ತಾರೆ.

ನೇಮಕಾತಿಮೇಜು

ನಿಜ, ಒಪ್ಪಿಕೊಳ್ಳಬೇಕಾದ ಮಾತು. ಮೊಕದ್ದಮೆಗೆ ಹಣ, ಸಮಯ ಎರಡೂ ಬೇಕು. ರಿಲೀವಿಂಗ್ ಲೆಟರ್ ತಡೆಹಿಡಿಯಲು ಏನೂ ಖರ್ಚಿಲ್ಲ. ಹಾಗಾಗಿ ‘ಬಾಂಡ್ ಮೊತ್ತ ಕಟ್ಟಿದ ಇಷ್ಟು ದಿನದಲ್ಲಿ ರಿಲೀವಿಂಗ್ ಮತ್ತು ಅನುಭವ ಪತ್ರ ಕೊಡಲಾಗುವುದು’ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಅಲ್ಲಿಯವರೆಗೆ ಸಂಬಳ ಚೀಟಿ, ಅಪಾಯಿಂಟ್‌ಮೆಂಟ್ ಲೆಟರ್ ಎಲ್ಲದರ ಪ್ರತಿ ಕಂಪನಿ ಮೇಲ್‌ನಲ್ಲಿ ಮಾತ್ರ ಬಿಡದೆ ನಿಮ್ಮ ಬಳಿಯೂ ಇರಲಿ. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಹಾಕದಿದ್ದರೆ, ಕಡೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು.

ಕಲಮುಕಾಮ

ಇದಕ್ಕೆ ಒಂದು ಸೇರಿಸುತ್ತೇನೆ. ಬಾಂಡ್ ಹಣ ಕಟ್ಟುವಾಗ ಕೆಲವರು ಅದರ ಮೇಲೆ ಜಿಎಸ್‌ಟಿ ಎಂದು ಇನ್ನಷ್ಟು ಸೇರಿಸುತ್ತಾರೆ. ಅವಧಿಗೆ ಮುಂಚೆ ಬಿಟ್ಟ ನೌಕರನಿಂದ ಪಡೆಯುವ ಬಾಂಡ್ ಮೊತ್ತಕ್ಕೆ ಜಿಎಸ್‌ಟಿ ಇಲ್ಲ ಎಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ.

ನೇಮಕಾತಿಮೇಜು ಅವರು ಹೇಳಿದ ‘ತಿಂಗಳಿಗೆ ತಕ್ಕಂತೆ ಇಳಿಕೆ’ ಅತಿಯಾಸೆಯ ಬೇಡಿಕೆ ಅಂತ ಹಿಂಜರಿಯಬೇಡಿ. ಚೀನಾದಲ್ಲಿ 2008ರಿಂದ ಜಾರಿಯಲ್ಲಿರುವ ಕಾರ್ಮಿಕ ಒಪ್ಪಂದ ಕಾನೂನು ಅದನ್ನೇ ಹೇಳುತ್ತದೆ: ವಿಶೇಷ ತರಬೇತಿಗೆ ಹಣ ಹಾಕಿದ್ದರೆ ಮಾತ್ರ ಸೇವಾವಧಿ ಕೇಳಬಹುದು, ತರಬೇತಿಯ ಖರ್ಚಿಗಿಂತ ಹೆಚ್ಚು ಕೇಳುವಂತಿಲ್ಲ, ಉಳಿದ ಅವಧಿಯ ಪಾಲಿಗಿಂತ ಹೆಚ್ಚು ಕಟ್ಟಿಸಿಕೊಳ್ಳುವಂತಿಲ್ಲ. ಗುರುತಿನ ಚೀಟಿ, ದಾಖಲೆ ಇಟ್ಟುಕೊಳ್ಳುವಂತೆಯೂ ಇಲ್ಲ. ಜಪಾನಿನ 1947ರ ಕಾರ್ಮಿಕ ಮಾನದಂಡ ಕಾಯ್ದೆಯ 16ನೇ ವಿಧಿಯಂತೂ ಒಪ್ಪಂದ ಮುರಿದದ್ದಕ್ಕೆ ದಂಡದ ಮೊತ್ತವನ್ನು ಮೊದಲೇ ಬರೆದಿಡುವುದನ್ನೇ ನಿಷೇಧಿಸುತ್ತದೆ. ನಮ್ಮಲ್ಲಿ ಅಂಥ ನೇರವಾದ ನಿಯಮ ಇಲ್ಲದ್ದರಿಂದ ನೀವೇ ಕೇಳಿ ಬರೆಸಿಕೊಳ್ಳಬೇಕಾಗಿದೆ.

ಮೊದಲಹೆಜ್ಜೆ

ಮೂರನೇ ದಿನದ ವರದಿ. ನಿನ್ನೆ ರಾತ್ರಿ ಮೇಲ್ ಬರೆದೆ. ಆರು ಬಾರಿ ತಿದ್ದಿದೆ. ‘ಕಳುಹಿಸು’ ಒತ್ತುವಾಗ ಬೆರಳು ನಡುಗಿತು. ಒಂಬತ್ತು ತಿಂಗಳಾದ ಮೇಲೆ ಕೈಗೆ ಬಂದ ತುತ್ತು ನಾನೇ ಚೆಲ್ಲುತ್ತಿದ್ದೇನಾ ಅನ್ನಿಸಿತು. ಅಪ್ಪ ಪಕ್ಕದಲ್ಲಿದ್ದರು. ಮಗನಅಪ್ಪ ಅವರು ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೆ. ಅದಾದ ಮೇಲೆ ನಾವಿಬ್ಬರೂ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು. ಹತ್ತು ತಿಂಗಳ ಸಂಬಳ ಅಂದರೆ ನಮಗೆ ದೊಡ್ಡದು. ತಿಂಗಳಿಗೆ ತಕ್ಕಂತೆ ಇಳಿದರೆ, ಒಂದೂವರೆ ವರ್ಷದ ಹೊತ್ತಿಗೆ ನಾನೇ ಉಳಿಸಿದ ಹಣದಲ್ಲಿ ಕಟ್ಟಬಹುದು ಅಂತ ಕಂಡಿತು. ಆ ಅಂಕಿ ಕಾಗದದ ಮೇಲೆ ಬಂದ ಮೇಲೆ ಇಬ್ಬರಿಗೂ ಉಸಿರಾಟ ಸ್ವಲ್ಪ ಸರಿಯಾಯಿತು.

ಅಲ್ಲಿ ಕೆಲಸ ಮಾಡುವ ಇಬ್ಬರು ನನ್ನ ಕಾಲೇಜಿನ ಸೀನಿಯರ್‌ಗಳು ಸಿಕ್ಕರು. ಒಬ್ಬಳಿಗೆ ಇನ್ನೂ ಬಾಂಡ್ ಇದೆ, ಇನ್ನೊಬ್ಬರದು ಮುಗಿದು ಒಂದು ವರ್ಷವಾದರೂ ಅಲ್ಲೇ ಇದ್ದಾರೆ. ‘ಬೆಂಚ್ ಮೇಲೆ ಬಿಡುತ್ತಾರಾ?’ ಅಂತ ಕೇಳಿದೆ. ಅಕ್ಕ ನಕ್ಕು, ‘ನಾಲ್ಕನೇ ತಿಂಗಳಿಂದ ಬೆಂಚ್ ಬಿಟ್ಟು ಮನೆಗೆ ಹೋಗೋಕೇ ಬಿಡಲ್ಲ’ ಅಂದಳು. ಹೊತ್ತು ಮೀರಿ ಕೆಲಸ ಇರುತ್ತದೆ, ಅದನ್ನೂ ಮುಚ್ಚಿಡಲಿಲ್ಲ. ಕಲಿಸುವ ಸರ್ ಒಬ್ಬರ ಹೆಸರು ಇಬ್ಬರ ಬಾಯಲ್ಲೂ ತಾನಾಗಿ ಬಂತು. ಅವಳ ಬ್ಯಾಚ್‌ನ ಇಬ್ಬರು ನಡುವೆ ಬಿಟ್ಟರಂತೆ. ಹಣ ಕಟ್ಟಿಸಿಕೊಂಡರು, ಪತ್ರಗಳನ್ನು ಕೊಡಲು ನಾಲ್ಕು ತಿಂಗಳು ಎಳೆದಾಡಿಸಿದರು ಅಂದಳು.

ಎಚ್‌ಆರ್ ಇನ್ನೂ ಉತ್ತರಿಸಿಲ್ಲ.

ಬೆಂಚ್‌ಮೇಲೆ

ಬಾಂಡ್ ಮುಗಿದ ಮೇಲೂ ಒಬ್ಬರು ಇದ್ದಾರೆ, ಕಲಿಸುವವರ ಹೆಸರು ಕೇಳದೆಯೇ ಹೇಳುತ್ತಾರೆ. ನನಗೆ ಇವೆರಡೂ ಒಳ್ಳೆಯ ಗುರುತು. ಕಾಗದ ಸರಿಹೋದರೆ ನಾನಾಗಿದ್ದರೆ ಸೇರುತ್ತಿದ್ದೆ.

ಮಗನಅಪ್ಪ

ಅಪ್ಪನ ಜೊತೆ ಕೂತು ಲೆಕ್ಕ ಹಾಕಿದಿರಲ್ಲ, ಓದಿ ಕಣ್ಣು ತುಂಬಿತು.

ಮೊದಲಹೆಜ್ಜೆ

ಐದನೇ ದಿನ, ಸಂಜೆ. ಎಚ್‌ಆರ್ ಮೊದಲು ಫೋನ್ ಮಾಡಿ ‘ಇದೆಲ್ಲ ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಅಮ್ಮಾ, ಯಾರೂ ಕೇಳಲ್ಲ’ ಅಂದರು. ‘ಸರ್, ನಿಮ್ಮ ಮಾತು ಮೇಲ್‌ನಲ್ಲಿ ಬಂದರೆ ನನಗೆ ನೆಮ್ಮದಿ’ ಅಂದೆ. ದನಿ ನಡುಗಿದ್ದು ಅವರಿಗೂ ಕೇಳಿರಬೇಕು. ಗಡುವನ್ನು ಎರಡು ದಿನ ಮುಂದೆ ಹಾಕಿದರು.

ಇವತ್ತು ಮೇಲ್ ಬಂತು. ಖಾಲಿ ಚೆಕ್ ಬೇಡ. ಮೂಲ ದಾಖಲೆ ತಾಳೆ ನೋಡಿ ಅಲ್ಲೇ ವಾಪಸ್. ಮೊತ್ತ ತಿಂಗಳ ಲೆಕ್ಕದಲ್ಲಿ ಇಳಿಯುತ್ತದೆ. ಅವರೇ ತೆಗೆದರೆ ನಾನು ಏನೂ ಕಟ್ಟಬೇಕಿಲ್ಲ. ಪತ್ರಗಳು 30 ದಿನದೊಳಗೆ. ಒಪ್ಪದೇ ಇದ್ದದ್ದು ಎರಡು: ಅವಧಿ ತರಬೇತಿ ಮುಗಿದ ಮೇಲೆಯೇ ಶುರು, ಆದರೆ ‘ಯಶಸ್ವಿಯಾಗಿ’ ತೆಗೆದು ‘ಸೇರಿದ ದಿನದಿಂದ ಆರು ತಿಂಗಳಿಗೆ ಮೀರದಂತೆ’ ಎಂದು ಹಾಕಿದ್ದಾರೆ. ನೋಟಿಸ್ 90 ದಿನ ಹಾಗೇ ಉಳಿಯಿತು. ಜಾಮೀನಿಗೆ ಒಬ್ಬರು ಬೇಕೇ ಬೇಕು ಅಂತ ಮೊದಲು ಪಟ್ಟು ಹಿಡಿದಿದ್ದರು. ಚೆಕ್ ಇಲ್ಲ, ಜಾಮೀನೂ ಇಲ್ಲ ಅಂದರೆ ಹೇಗೆ ಅಂದರು. ‘ಸರ್, ದುಡಿಯುವವಳು ನಾನು, ಸಹಿಯೂ ನನ್ನದೇ ಇರಲಿ’ ಅಂತ ಬರೆದೆ. ಮಧ್ಯಾಹ್ನ ಆ ಪುಟ ತೆಗೆದ ಪ್ರತಿ ಬಂತು. ವಕೀಲರೊಬ್ಬರಿಗೆ ತೋರಿಸಿದೆ, ಅವರು ಇನ್ನೊಂದು ಪದ ತಿದ್ದಿಸಿದರು.

ಕಲಮುಕಾಮ

ಪ್ರತಿ ಪುಟದ ಕೆಳಗೂ ಸಹಿ ಹಾಕಿ. ಕೈಬರಹದಲ್ಲಿ ಏನಾದರೂ ತಿದ್ದಿದ್ದರೆ ಆ ತಿದ್ದುಪಡಿಯ ಪಕ್ಕದಲ್ಲಿ ಇಬ್ಬರ ಸಹಿಯೂ ಇರಲಿ. ಅವರ ಸಹಿ ಬಿದ್ದ ಒಂದು ಪ್ರತಿ ಕೈಗೆ ಸಿಗುವವರೆಗೆ ಅಲ್ಲಿಂದ ಏಳಬೇಡಿ.

ಮೊದಲಹೆಜ್ಜೆ

ಹಾಗೇ ಮಾಡಿದೆ ಮೇಡಂ. ಒಂಬತ್ತು ಪುಟ, ಒಂಬತ್ತು ಸಹಿ. ಏಳನೇ ಪುಟದಲ್ಲಿ ತಿದ್ದಿದ ಪದದ ಪಕ್ಕ ನನ್ನದು, ಅವರದು, ದಿನಾಂಕ. ಅಪ್ಪ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡೇ ಬಂದಿದ್ದರು. ‘ನಾನು ಎಲ್ಲಿ ಹಾಕಬೇಕು?’ ಅಂದರು. ‘ಎಲ್ಲೂ ಇಲ್ಲಪ್ಪಾ’ ಅಂದೆ. ಒಂದನೇ ತಾರೀಕಿಗೆ ಸೇರುತ್ತೇನೆ.